ಕೋತಿ ಒತ್ತದ ಸ್ವಿಚ್ಚು

ಮೊಲ ತುಂಗಮ್ಮನ ಹೊಸ ಬಿಲಕ್ಕೆ ಕರೆಂಟು ಎಳೆಸಬೇಕಿತ್ತು. ಒಳಗೆಲ್ಲ ಒಣಹುಲ್ಲಿನ ಹಾಸಿಗೆ. ಒಂದು ಕಿಡಿ ಬಿದ್ದರೂ ತನ್ನ ಮರಿಗಳ ಗತಿಯೇನು ಎಂಬ ಭಯ ಅವಳಿಗೆ.

ಮೊದಲು ವೈರಿಂಗ್ ಕೆಲಸದ ಕೋತಿ ಚಂಗಪ್ಪ ಬಂದ. "ಮೇನ್ ಆಫ್ ಮಾಡುವುದು, ಅರ್ಥಿಂಗ್ ಹಾಕುವುದು, ಇದೆಲ್ಲ ಹೆದರುಪುಕ್ಕಲರ ಕೆಲಸ ತಾಯಿ" ಎಂದವನೇ ನೆಗೆನೆಗೆದು ವೈರು ಎಳೆದು, ಬಾಗಿಲ ಬಳಿ ಸ್ವಿಚ್ಚು ಕೂರಿಸಿಬಿಟ್ಟ.

"ಎಷ್ಟು ಚುರುಕು ನಿಮ್ಮ ಕೈ! ಮೊದಲ ದೀಪ ನೀವೇ ಹಾಕಿ ಚಂಗಪ್ಪನವರೇ" ಎಂದಳು ತುಂಗಮ್ಮ.

ಚಂಗಪ್ಪ ಬಾಲ ಮುದುರಿ ಹಿಂದೆ ಸರಿದ. "ಛೆ ಛೆ, ಆ ಶುಭಕಾರ್ಯ ಮನೆಯೊಡತಿಯದು. ನಾನು ಆ ಮರದ ಮೇಲಿಂದ ನೋಡುತ್ತೇನೆ."

"ಹಾಗಾದರೆ ನೀವು ಮರದ ಮೇಲೇ ಇರಿ" ಎಂದು ಅವನನ್ನು ಸಾಗಹಾಕಿದ ತುಂಗಮ್ಮ, ಮರಿಗಳನ್ನು ಹೊರಗೆ ಕರೆತಂದು ಮುಂಗುಸಿ ನೀಲಮ್ಮನಿಗೆ ಹೇಳಿ ಕಳಿಸಿದಳು.

"ನೀವು ಕೆಲಸ ಮಾಡಿದ ಮನೆ ಯಾವುದಾದರೂ ಇದೆಯೇ?" ಎಂದು ನೀಲಮ್ಮ ಬಂದೊಡನೆ ತುಂಗಮ್ಮ ಕೇಳಿದಳು.

"ಅಳಿಲಿನ ಮನೆಗೆ ಹೋಗಿ ವಿಚಾರಿಸಿ. ನೀವು ಬರುವವರೆಗೆ ನಾನು ಏನನ್ನೂ ಮುಟ್ಟುವುದಿಲ್ಲ" ಎಂದಳು ನೀಲಮ್ಮ.

ತುಂಗಮ್ಮ ವಿಚಾರಿಸಿ ನಗುತ್ತಾ ಮರಳಿದಳು. ಆಮೇಲೆ ನೀಲಮ್ಮ ಮೇನ್ ಆಫ್ ಮಾಡಿ, ಕೋತಿ ಎಳೆದದ್ದನ್ನೆಲ್ಲ ಕಿತ್ತು ಹಾಕಿದಳು. "ಹಾವುಗಳ ನಡುವೆ ಬೆಳೆದವಳು ನಾನು. ಸುಮ್ಮನೆ ಬಿದ್ದಿರುವ ವೈರನ್ನೂ ನಂಬುವುದಿಲ್ಲ" ಎನ್ನುತ್ತಾ ಹೊಸ ವೈರು ಎಳೆದು, ಅರ್ಥಿಂಗಿಗೆ ಗುಂಡಿ ತೋಡಿ, ಪ್ರತಿಯೊಂದು ಜೋಡಣೆಯನ್ನೂ ಪರೀಕ್ಷಿಸಿದಳು.

ಕೊನೆಗೆ ಮೇನ್ ಆನ್ ಮಾಡಿ, ಯಾರೂ ಕೇಳುವ ಮೊದಲೇ ತಾನೇ ಸ್ವಿಚ್ಚು ಒತ್ತಿದಳು. ಬಿಲವೆಲ್ಲ ಬೆಳಗಿತು. ಮರಿಗಳು ಒಳಗೆ ನುಗ್ಗಿ, ಗೋಡೆಯ ಮೇಲೆ ಆನೆಯಷ್ಟು ದೊಡ್ಡದಾಗಿ ಕಂಡ ತಮ್ಮ ಕಿವಿಗಳ ನೆರಳು ನೋಡಿ ಕುಣಿದಾಡಿದವು.