ಜಟೆಯೆಂದರೂ ಸಿಕ್ಕೆಂದರೂ

ಶಿಷ್ಯ ಕೇಳಿದ: “ಗುರುಗಳೇ, ಶಿವನ ಮುಡಿಯನ್ನು ಕವಿಗಳು ಜಟೆ ಎನ್ನುತ್ತಾರೆ. ಸಂಸಾರದ ತೊಡಕನ್ನು ಸಿಕ್ಕು ಎನ್ನುತ್ತಾರೆ. ನಿಘಂಟು ತೆರೆದರೆ ಎರಡೂ ಹೆಣೆದುಕೊಂಡ ಕೂದಲೇ. ಛಂದಸ್ಸಿಗೆ ಹೊಂದುವುದನ್ನು ಬಳಸಿದರೆ ಸಾಕಲ್ಲವೇ?”

ಗುರು ಹೇಳಿದರು:

ಒಬ್ಬ ಕುಂಬಾರನಿಗೆ ಬಾಳವ್ವ ಎಂಬ ಮಗಳಿದ್ದಳು. ತಾಯಿಯಿಲ್ಲದ ಹುಡುಗಿ. ಒಮ್ಮೆ ವಿಷಮಜ್ವರ ಬಂದು ಬಹಳ ಕಾಲ ಹಾಸಿಗೆ ಹಿಡಿದಳು. ತಲೆಗೆ ಎಣ್ಣೆ ಹಚ್ಚುವವರಿರಲಿಲ್ಲ. ಜ್ವರ ಬಿಟ್ಟು ಎದ್ದು ಕೂತಾಗ ಕೂದಲು ಹಗ್ಗದಂತೆ ಗಂಟುಕಟ್ಟಿತ್ತು.

ಊರ ಗುಡಿಯ ಪೂಜಾರಿ ಬಂದು ನೋಡಿ, ಇದು ಜಟೆ ಎಂದ. ದೇವಿ ಹುಡುಗಿಯನ್ನು ಕೇಳುತ್ತಿದ್ದಾಳೆ, ಹುಣ್ಣಿಮೆಗೆ ಗುಡಿಗೆ ಬಿಡಬೇಕು ಎಂದ. ಗುಡಿಗೆ ಬಿಟ್ಟ ಹುಡುಗಿಯರಿಗೆ ಮದುವೆಯಿಲ್ಲ, ಮರಳಿ ಮನೆಯಿಲ್ಲ. ಅವರ ಬಾಳು ಏನಾಗುತ್ತದೆಂದು ಕುಂಬಾರ ಕಂಡಿದ್ದ. ಆದರೂ ಆ ಪದಕ್ಕೆ ಹೆದರಿ ಒಪ್ಪಿದ. ಅಂದಿನಿಂದ ನೆರೆಯವರು ಹುಡುಗಿಗೆ ಕೈಮುಗಿಯತೊಡಗಿದರು. ಗೆಳತಿಯರು ಆಟಕ್ಕೆ ಕರೆಯುವುದನ್ನು ಬಿಟ್ಟರು.

ಸುದ್ದಿ ತಿಳಿದು ಕುಂಬಾರನ ಅಕ್ಕ ಬೇರೆ ಊರಿನಿಂದ ಬಂದಳು. ಹುಡುಗಿಯ ತಲೆಯನ್ನು ಬೆಳಕಿಗೆ ತಿರುಗಿಸಿ ನೋಡಿದಳು.

“ಸಿಕ್ಕಾಗಿದೆ, ಅಷ್ಟೆ. ಎಣ್ಣೆ ಕಾಯಿಸು.”

“ಮುಟ್ಟಬೇಡ ಅಕ್ಕ. ಜಟೆಗೆ ಕೈಹಾಕಿದವರು ರಕ್ತ ಕಾರಿ ಸಾಯುತ್ತಾರಂತೆ.”

“ಸತ್ತರೆ ನಾನು ಸಾಯುತ್ತೇನೆ. ನೀನು ಎಣ್ಣೆ ಕಾಯಿಸು.”

ಅವನು ಕಾಯಿಸಲಿಲ್ಲ. ಅವಳೇ ಕಾಯಿಸಿದಳು. ಅಂಗಳದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಹುಡುಗಿಯನ್ನು ಮುಂದೆ ಕೂರಿಸಿಕೊಂಡು, ಕೂದಲಿನ ತುದಿಯಿಂದ ಬಿಡಿಸತೊಡಗಿದಳು. ಅವಳಿಗೂ ಭಯವಿತ್ತು. ಹುಡುಗಿ ನೋವಿಗೆ ಅತ್ತಳು. ನಡುವೆ ಒಮ್ಮೆ, “ದೇವಿಗೆ ಸಿಟ್ಟು ಬಂದರೆ?” ಎಂದು ಕೇಳಿದಳು.

“ಅವಳೂ ಹೆಣ್ಣು. ಅವಳ ತಲೆಯನ್ನೂ ಯಾರೋ ಬಾಚಿರುತ್ತಾರೆ,” ಎಂದಳು ಅತ್ತೆ.

ಬಿಡಿಸಲು ಬಾರದ ಗಂಟುಗಳನ್ನು ಕತ್ತರಿಸಿದಳು. ರಕ್ತ ಬರಲಿಲ್ಲ. ಹೇನು ಬಂದವು. ಕುಂಬಾರ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ. ಸಂಜೆಯ ಹೊತ್ತಿಗೆ ತಾನೇ ಹೋಗಿ ಮಗಳ ಸ್ನಾನಕ್ಕೆ ನೀರು ಕಾಯಿಸಿದ.

ಹುಣ್ಣಿಮೆಯಂದು ಪೂಜಾರಿ ಬಂದಾಗ ಬಾಳವ್ವ ಮೋಟುಜಡೆ ಹಾಕಿಕೊಂಡು ಮಣ್ಣು ತುಳಿಯುತ್ತಿದ್ದಳು. ಪೂಜಾರಿ ದೇವಿಯ ಹೆಸರು ಹೇಳಿ ಗದರಿದ. ಕುಂಬಾರ ಚಕ್ರ ನಿಲ್ಲಿಸದೆ, “ಹುಡುಗಿಗೆ ಕೆಲಸವಿದೆ,” ಎಂದ. ಪೂಜಾರಿ ಬಂದ ದಾರಿಯಲ್ಲೇ ಹೊರಟುಹೋದ.

ಗುರು ಇಷ್ಟು ಹೇಳಿ ನಿಲ್ಲಿಸಿದರು.

“ಹಾಗಾದರೆ ಸಿಕ್ಕು ಎಂಬುದೇ ಸರಿಯಾದ ಪದವೇ?” ಎಂದು ಶಿಷ್ಯ ಕೇಳಿದ.

“ಆ ಅಕ್ಕ ಬಾರದೆ ಹೋಗಿದ್ದರೆ ಜಟೆಯೇ ಸರಿಯಾದ ಪದವಾಗಿ ಉಳಿಯುತ್ತಿತ್ತು,” ಎಂದರು ಗುರು.