ಕೌದಿ ಕಟ್ಟಿದ ಗಡಿಗೆ

ಎರಡು ಹೊಳೆ ಕೂಡುವ ಕಡೆ ಒಂದು ಮಠ. ದೂರದೂರಲ್ಲಿ ಸತ್ತವರ ಅಸ್ಥಿಯನ್ನು ಗಡಿಗೆಯಲ್ಲಿ ತಂದು ಅಲ್ಲಿಟ್ಟು ಹೋಗುತ್ತಾರೆ. ಮನೆಯವರು ಬಂದು ಹೊಳೆಗೆ ಬಿಡುವ ತನಕ ಮಠ ಕಾಯುತ್ತದೆ. ಅಲ್ಲಿಯ ಗುರು ಬಸರಿಗಿಡದ ಅಜ್ಜ.

ಶಿಷ್ಯ ಗುದ್ನೆಪ್ಪ ಕಂಪ್ಯೂಟರ್ ಬಲ್ಲವನು. ಹೊಳೆಗುಂಟ ಮಠದ ಮೂರು ಶಾಖೆಗಳಿದ್ದವು. ಮೂರೂ ಕಡೆಯ ಗಡಿಗೆಗಳನ್ನು ಒಂದೇ ವೆಬ್‌ಸೈಟಿನಲ್ಲಿ ಹುಡುಕುವಂತೆ ಮಾಡಿದ್ದ. ಬಟನ್ ಒತ್ತಿದರೆ ಸಾಕು, ಕಣ್ಣೆವೆ ಬಡಿಯುವುದರೊಳಗೆ ಉತ್ತರ.

ಅಷ್ಟಕ್ಕೇ ಬಿಡಲಿಲ್ಲ. ತಂದವರು ಗಡಿಗೆಯ ಬಾಯಿಗೆ ಕಟ್ಟಿದ್ದ ಹಳೆ ಅರಿವೆಗಳನ್ನೆಲ್ಲ ಬಿಚ್ಚಿ ಚೀಲಕ್ಕೆ ತುರುಕಿದ. ಎಲ್ಲಕ್ಕೂ ಒಂದೇ ತೆರನ ಬಿಳಿ ಬಟ್ಟೆ ಕಟ್ಟಿ, ನಂಬರು ಅಂಟಿಸಿದ. ಸಾಲು ನೋಡಿದರೆ ಅವನ ಕಣ್ಣಿಗೇ ತಂಪು.

“ಹ್ಯಾಂಗೈತ್ರಿ ಅಜ್ಜಾರ?”

“ಕಳಕೊಂಡವರು ಯಾರರೆ ಬರಲಿ. ಅವರು ಹೇಳ್ತಾರ,” ಅಂದ ಅಜ್ಜ.

ಅಮಾಸಿಯ ಮುಂಜಾನೆ ಹುಲಿಗೆವ್ವ ಎಂಬ ಹೆಂಗಸು ಬಂದಳು. ಕಾಲ ತುಂಬ ದಾರಿಯ ಧೂಳು.

“ಮಗನ್ನ ಒಯ್ಯಾಕ ಬಂದೀನಪ್ಪ. ಇವತ್ತ ಹೊತ್ತು ಮುಳುಗೂದ್ರಾಗ ಹೊಳಿಗೆ ಬಿಡಬೇಕು.”

“ಚೀಟಿ ನಂಬರ್ ಹೇಳ್ಬೇ.”

“ಚೀಟಿ, ಗಡಿಗಿ ಇಟ್ಟು ಹೋದ ಅವನ ಜೋಡಿ ಕೆಲಸದ ಹುಡುಗರ ಹಂತೇಲಿ ಐತಿ. ಅವರು ತಿರುಗಿ ಹಡಗ ಹತ್ಯಾರ. ಫೋನ್ ಹತ್ತವಲ್ದು.”

“ಆಧಾರ್ ನಂಬರ್?”

“ಅದು ಅವನ ಕೂಡ ಹೋತು.”

“ತಂದಿಟ್ಟ ತಾರೀಖು?”

“ಮಳಿ ಬರ್ತಿತ್ತಂತ.”

“ಹೆಸರರೆ ಹೇಳು.”

“ಸಣ್ಣೆಪ್ಪ. ಕೆಲಸದ ಜಾಗಾದಾಗ ಬ್ಯಾರೆ ಏನೋ ಕರೀತಿದ್ರು.”

ಗುದ್ನೆಪ್ಪ ಸಣ್ಣೆಪ್ಪ ಎಂದು ಬಡಿದ. ಪರದೆ ಒಂದು ಗಳಿಗೆಯೂ ತಡಮಾಡಲಿಲ್ಲ.

“ನಿನ್ನ ಮಗ ಇಲ್ಲಿ ಇಲ್ಲಬೇ.”

“ಇಲ್ಲಂತ ನನಗೂ ಗೊತ್ತೈತೋ ತಮ್ಮಾ. ಎಲ್ಲಿ ಇಟ್ಟೀರಿ, ಅದನ್ನ ಹೇಳು.”

“ಹೆಸರಿಗೆ ಸಿಗಲಿಲ್ಲ. ಉಳಿದ ಚುಕ್ಕಿ ಇದ್ದ ಕಾಲಂ ತುಂಬಲಿಲ್ಲಂದ್ರ ಇದು ಮುಂದ ಹೋಗಂಗಿಲ್ಲ. ನಾ ಏನ್ ಮಾಡ್ಲಿ?”

ಹುಲಿಗೆವ್ವ ಗಡಿಗೆಗಳಿದ್ದ ಅಸ್ಥಿಮನೆಯ ಗೋಡೆಗೆ ಒರಗಿ, ಮೆಟ್ಟಿಲ ಮೇಲೆ ಕೂತಳು. ನೆರಳು ಸರಿಯಿತು. ಆಕೆ ಸರಿಯಲಿಲ್ಲ.

ಮಧ್ಯಾಹ್ನ ಗುದ್ನೆಪ್ಪ ಊಟಕ್ಕೆ ಕೂತ. ಅಜ್ಜ ಅನ್ನದ ಸೌಟು ಹಿಡಿದು ಎದುರಿಗೆ ನಿಂತ.

“ಈ ಅನ್ನದ ಭತ್ತ ಯಾವ ತಳಿ?”

“ಏನ್ರೀ?”

“ಬಿತ್ತಿದ ತಾರೀಖು? ಹೊಲದ ಸರ್ವೆ ನಂಬರು?”

“ನನಗೇನ ಗೊತ್ರಿ ಅಜ್ಜಾರ? ಹಸಿವಾಗೈತ್ರಿ.”

“ಆ ಕಾಲಂ ಇಲ್ಲಪಾ,” ಅಂದ ಅಜ್ಜ. ಸೌಟಿನ ಅನ್ನ ತಿರುಗಿ ಬೋಗುಣಿಗೆ ಬಿತ್ತು.

ಗುದ್ನೆಪ್ಪ ಮೊದಲು ನಕ್ಕ. ಅಜ್ಜ ನಗಲಿಲ್ಲ. ಬಾಗಿಲಾಚೆ ಹುಲಿಗೆವ್ವ ಕೂತದ್ದು ಕಾಣುತ್ತಿತ್ತು.

ಗುದ್ನೆಪ್ಪ ಬರಿ ಎಲೆ ಬಿಟ್ಟು ಎದ್ದ. ಹೋಗಿ ಆಕೆಗಿಂತ ಒಂದು ಮೆಟ್ಟಿಲು ಕೆಳಗೆ ಕೂತ.

“ಯವ್ವಾ, ನಿನಗ ಏನ ಗೊತ್ತೈತಿ, ಅದನ್ನ ಹೇಳು.”

“ಯಾಕ, ನಿನ್ನ ಪೆಟ್ಟಿಗಿ ಕೇಳೂದು ಮುಗೀತೇನು?”

“ಮುಗೀತು.”

ಆಕೆ ಹೊಳೆಯ ಕಡೆ ನೋಡುತ್ತ ಹೇಳಿದಳು: “ಅವ ಹೊಚಗೊಂತಿದ್ದ ಕೌದಿ ಹರದು ಗಡಿಗಿ ಬಾಯಿಗೆ ಕಟ್ಟೇವಿ ಅಂದಿದ್ರು ಹುಡುಗ್ರು. ನನ್ನ ಸೀರಿ ತುಂಡಿನ ಕೌದಿ, ನನ್ನ ಕೈಯಾನ ಹೊಲಿಗಿ. ಅದೊಂದ ಗುರುತು.”

ಗುದ್ನೆಪ್ಪ ತನ್ನ ಕೈ ನೋಡಿಕೊಂಡ. ಆ ಗುರುತನ್ನು ಬಿಚ್ಚಿದ್ದು ಇದೇ ಕೈ.

ಗಡಿಗೆ ಬಂದ ದಿನ ತೆಗೆದ ಫೋಟೋಗಳು ಯಂತ್ರದಲ್ಲಿದ್ದವು. ಪ್ರತಿ ಫೋಟೋದ ಕೆಳಗೆ, ಬಾಯಿಗೆ ಕಟ್ಟಿದ್ದು ಏನೆಂದು ಅಜ್ಜ ಒಂದೊಂದು ಮಾತು ಬರೆಸಿದ್ದ: ಪಂಚೆ, ಟವೆಲ್ಲು, ಕಂಬಳಿ. ಮುದುಕನ ಹಟವೆಂದುಕೊಂಡು ಗುದ್ನೆಪ್ಪ ಬರೆದುಕೊಂಡಿದ್ದ. ಆದರೆ ಕೇಳಿದ್ದನ್ನೆಲ್ಲ ತುಂಬಿ ಗಡಿಗೆ ಸಿಕ್ಕವರಿಗೆ ಮಾತ್ರ ಅವು ಕಾಣುವಂತೆ, ಕಟ್ಟಕಡೆಗೆ ಇಟ್ಟಿದ್ದ.

ಒಳಗೆ ಹೋಗಿ ಕೂತ. ಕಾಲಂಗಳನ್ನೆಲ್ಲ ತೆಗೆದ. ಒಂದೇ ಒಂದು ಖಾಲಿ ಜಾಗ ಉಳಿಸಿ, ಅದರ ಕೆಳಗೆ ಫೋಟೋಗಳನ್ನು ತಂದಿಟ್ಟ. ಬಿಸಿಲು ಇಳಿಮುಖವಾಗಿತ್ತು. ಆಕೆಯನ್ನು ಕರೆದು ಪಕ್ಕಕ್ಕೆ ಕೂರಿಸಿಕೊಂಡು, ಕೌದಿ ಎಂದು ಬಡಿದ.

ಪರದೆ ತುಂಬ ಯಾರಾರದೋ ಮನೆಯ ಬಣ್ಣಗಳು.

ಹುಲಿಗೆವ್ವ ಬೆರಳಿಟ್ಟಳು. “ಇದ.”

ಕೆಂಪು ತುಂಡು, ಹಸಿರು ದಾರದ ಹೊಲಿಗೆ. ಗಡಿಗೆ ಬೇರೆ ಶಾಖೆಯಲ್ಲಿರಲಿಲ್ಲ. ಆಕೆ ಮುಂಜಾನೆಯಿಂದ ಒರಗಿ ಕೂತಿದ್ದ ಗೋಡೆಯ ಆಚೆಗೇ ಇತ್ತು.

ಗುದ್ನೆಪ್ಪ ಚೀಲವನ್ನು ತಡಕಾಡಿ ಕೌದಿಯ ತುಂಡು ತಂದುಕೊಟ್ಟ. ಆಕೆ ಅದನ್ನೊಮ್ಮೆ ಮೂಸಿದಳು. ಬಿಳಿ ಬಟ್ಟೆ ಬಿಚ್ಚಿ ಅವನ ಕೈಗಿಟ್ಟು, ಕೌದಿ ಕಟ್ಟಿ, ಗಡಿಗೆಯನ್ನು ಕಂಕುಳಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಹೊಳೆಗಿಳಿದಳು.

ಸೂರ್ಯ ನೀರಿಗೆ ತಾಕುತ್ತಿದ್ದ.

“ಅಜ್ಜಾರ, ಈಗ ಕಣ್ಣೆವಿ ಬಡಿಯೂದ್ರಾಗ ಸಿಕ್ಕಿತಲ್ರಿ,” ಅಂದ ಗುದ್ನೆಪ್ಪ, ಮೆಲ್ಲಗೆ.

“ಆಕಿ ಮುಂಜಾನಿಂದ ಕುಂತದ್ದು ಯಾವ ಲೆಕ್ಕಕ್ಕ?”

ಗುದ್ನೆಪ್ಪನ ಕೈಯಲ್ಲಿ ಇನ್ನೂ ಆ ಬಿಳಿ ಬಟ್ಟೆ ಇತ್ತು.

ಅಜ್ಜ ಚೀಲ ಎಳೆದು ತಂದು, ಅರಿವೆಗಳನ್ನೆಲ್ಲ ಅವನ ಕಾಲ ಬುಡಕ್ಕೆ ಸುರಿದ.

“ಒಂದೊಂದ ತಗೊಂಡು ಅದರದರ ಗಡಿಗಿಗೆ ಕಟ್ಟು. ಉಳಿದ ತಾಯಂದ್ರು ದಾರಿ ಹಿಡದಾರ.”