ಧಣಿ ಎಂಬ ಮರ್ಯಾದೆ

ಪೂಜ್ಯ ಗುರುಶಾಂತ ಸ್ವಾಮಿಗಳು ಅಂದು ಹಿರೇಬಾವಿಯ ಮಣ್ಣಿನ ಮಠದ ಅಂಗಳದಲ್ಲಿ ಕುಳಿತು, ರಾತ್ರಿಯ ದಾಸೋಹಕ್ಕೆಂದು ಮೆಂತ್ಯೆಸೊಪ್ಪು ಸೋಸುತ್ತಿದ್ದರು. ಊರಿನ ವಿರುಪಾಕ್ಷಪ್ಪ ಇನಾಮದಾರರು ಬಂದು, ನಮಸ್ಕರಿಸಿ, ಕಂಬಕ್ಕೊರಗಿ ಕುಳಿತರು. ಎಲ್ಲೂ ದುಡಿದು ಬಂದವರಲ್ಲ. ಆದರೂ ಮುಖದಲ್ಲಿ ದಣಿವು ಎದ್ದು ಕಾಣುತ್ತಿತ್ತು.

ಕಾಯಿದೆ ಬಂದು ಇನಾಮು ಭೂಮಿ ಉಳುವವರ ಪಾಲಾಗಿ ವರ್ಷಗಳೇ ಕಳೆದಿದ್ದವು. ಜನ ಈಗಲೂ ಇನಾಮದಾರರನ್ನು ಧಣಿ ಎಂದೇ ಕರೆಯುತ್ತಿದ್ದರು. ಆದರೆ ಚಹಾದಂಗಡಿಯ ಮುಂದೆ ಹಾಯ್ದರೆ ಸಾಕು, ಧಣ್ಯಾರು ಬಂದ್ರು, ದಾರಿ ಬಿಡ್ರಪಾ ಎಂಬ ಮಾತು, ಬೆನ್ನಿಗೇ ಕಿಸಕ್ಕನೆ ನಗು. ಬೈದಿದ್ದರೆ ಜಗಳವಾಡಬಹುದಿತ್ತು. ಮರ್ಯಾದೆಯ ಮಾತಿಗೆ ಏನೆಂದು ಜಗಳವಾಡುವುದು? ಸಾಕಾಗಿ ಹೋಗಿತ್ತು ಅವರಿಗೆ. ಮನೆ ಮಾರಿ ಊರು ಬಿಡುವುದೆಂದು ನಿಶ್ಚಯಿಸಿ, ಸ್ವಾಮಿಗಳ ಅಪ್ಪಣೆ ಕೇಳಲು ಬಂದಿದ್ದರು.

ಎಲ್ಲವನ್ನೂ ಹೇಳಿಕೊಂಡು, ಕೊನೆಗೆ ನಿಟ್ಟುಸಿರು ಬಿಟ್ಟು, "ಮೊದಲ ಇದ ಧಣಿ ಅನ್ನೂ ಮಾತಿನ್ಯಾಗ ಎಷ್ಟು ಮರ್ಯಾದಿ ಇತ್ತರೀ, ಅಜ್ಜಾರ" ಎಂದರು.

ಸ್ವಾಮಿಗಳು ಸೊಪ್ಪು ಬದಿಗಿಟ್ಟರು. ಪಂಗ್ತಿ ಕೂತಿದೆ, ಸಾರು ಬಡಿಸಿ ಬನ್ನಿ ಎಂದರು.

ಇನಾಮದಾರರು ಒಲ್ಲದ ಮನಸ್ಸಿನಿಂದಲೇ ಬಕೆಟ್ಟು ಹಿಡಿದು ಹೊರಟರು. ಸಾಲಿನ ತುದಿಯಲ್ಲಿ ಯಮನವ್ವ ಕುಳಿತಿದ್ದಳು. ಅವರ ಹೊಲದಲ್ಲೇ ದುಡಿದು ಮುದುಕಿಯಾದವಳು. ಇವರನ್ನು ಕಂಡದ್ದೇ ತಡ, ನೆಲಕ್ಕೆ ಕೈಯೂರಿ, ಕಷ್ಟಪಟ್ಟು ಎದ್ದು ನಿಂತಳು. ಧಣಿಯ ಮುಂದೆ ಆಳುಮಕ್ಕಳು ಕೂಡ್ರಬಾರದೆಂಬುದು ಹಿಂದಿನ ರೂಢಿ. ಕೂಡ್ರು ಎಂದರೂ ಅವಳು ಕೇಳಲಿಲ್ಲ.

"ನೀವು ನಿಂತೀರಿ, ನಾ ಹೆಂಗ ಕುಂಡ್ರಲ್ರಿ, ಧಣಿ?"

ಚಹಾದಂಗಡಿಯ ನಗು ಆ ಧ್ವನಿಯಲ್ಲಿ ಇರಲಿಲ್ಲ. ಹಳೆಯ ಅಂಜಿಕೆ ಹಾಗೆಯೇ ಇತ್ತು.

"ನೀವು ಕಳಕೊಂಡ ಮರ್ಯಾದಿ ಇದ ನೋಡ್ರಿ" ಎಂದರು ಹಿಂದೆ ಬಂದು ನಿಂತಿದ್ದ ಸ್ವಾಮಿಗಳು.

ಇನಾಮದಾರರಿಗೆ ನಾಚಿಕೆಯಿಂದ ಕಣ್ಣು ತುಂಬಿತು. ಬಕೆಟ್ಟು ಕೆಳಗಿಟ್ಟು ಅವಳೆದುರು ನೆಲದ ಮೇಲೆಯೇ ಕುಳಿತುಬಿಟ್ಟರು. ಯಮನವ್ವ ಗಲಿಬಿಲಿಗೊಂಡು ಅತ್ತಿತ್ತ ನೋಡಿ, ಮೆಲ್ಲಗೆ ತಾನೂ ಕುಳಿತಳು. ಅವರು ಬಡಿಸಿದರು. ಹಸಿದಿದ್ದಳು, ಪಾಪ, ನುಚ್ಚು ಕಲೆಸಿ ಗಬಗಬ ಉಂಡಳು. ಎದುರಿಗಿರುವವರು ಯಾರೆಂಬುದನ್ನೇ ಊಟದಲ್ಲಿ ಮರೆತಳೋ ಏನೋ, ತಲೆ ಎತ್ತದೆ ತಾಟು ಮುಂದೆ ಚಾಚಿದಳು.

"ಇನ್ನೊಂದೀಟು ಹಾಕೋ, ತಮ್ಮಾ."

ಅವರು ಹಾಕಿದರು. ಅಪ್ಪಣೆ ಕೇಳಲು ಬಂದಿದ್ದವರು ಅದನ್ನು ಕೇಳದೆಯೇ, ಮುಂದಿನ ಪಂಗ್ತಿಗೂ ಬಕೆಟ್ಟು ಎತ್ತಿಕೊಂಡರು.